ಎರೆಹೊಲದ ಅಜ್ಜನ ಮುಖ

ನಮ್ಮ ಮನೆಯ ದೇವರ ಜಗಲಿಯ ಮೇಲೆ ರೋಮಿನ ದೊರೆಯೊಬ್ಬ ಬಹಳ ವರ್ಷ ಕೂತಿದ್ದ. ಅವನು ರೋಮಿನವನೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ತಾನು ನಮ್ಮೂರು ಶಲವಡಿಯಲ್ಲಿದ್ದೇನೆಂದು ಅವನಿಗಂತೂ ಗೊತ್ತಾಗುವ ದಾರಿಯೇ ಇರಲಿಲ್ಲ. ದಿನಾ ಬೆಳಿಗ್ಗೆ ಅಜ್ಜಿ ಲಿಂಗಪೂಜೆ ಮುಗಿಸಿ ಅವನಿಗೂ ಒಂದು ಬೆರಳು ವಿಭೂತಿ ಹಚ್ಚಿ, ಒಂದು ಹೂ ಏರಿಸುತ್ತಿದ್ದಳು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ, ಕಪ್ಪುಹಸಿರು ಬಣ್ಣದ ತಾಮ್ರದ ಬಿಲ್ಲೆ ಅದು. ಅದರ ಮೇಲೆ ಬಲಕ್ಕೆ ತಿರುಗಿದ ಒಂದು ಮುಖ, ಮುಖದ ಸುತ್ತ ಇರುವೆ ಸಾಲಿನಂಥ ಗೀರುಗಳು. ಕಪ್ಪು ಮಣ್ಣಿನ ಎರೆಹೊಲದಲ್ಲಿ ಸಿಕ್ಕಿದ್ದರಿಂದ ಮನೆಯಲ್ಲಿ ಅವನಿಗೆ ಎರೆಹೊಲದ ಅಜ್ಜ ಅಂತ ಹೆಸರು.

ಅಜ್ಜ ಸಿಕ್ಕ ಕತೆಯನ್ನು ಊಟಕ್ಕೆ ಕೂತಾಗಲೆಲ್ಲ ಅಜ್ಜಿಯಿಂದ ಹೇಳಿಸಿಕೊಳ್ಳುತ್ತಿದ್ದೆ. ನಮ್ಮ ಮುತ್ತಜ್ಜ ಮತ್ತು ಬಾಜೂ ಮನೆಯ ಮುಸ್ಲಿಂ ಹಿರಿಯರು ಕೂಡಿ ಹೊಲ ಮಾಡುತ್ತಿದ್ದರು. ನಮ್ಮದೊಂದು ಎತ್ತು, ಅವರದೊಂದು ಎತ್ತು. ಮಳೆ ಬಿದ್ದು ಮಣ್ಣು ಹದಕ್ಕೆ ಬಂದಿತ್ತು, ಇಬ್ಬರೂ ಕುಂಟೆ ಹೊಡೆಯುತ್ತಿದ್ದರು. ಕುಂಟೆಯ ಅಲಗಿಗೆ ಏನೋ ತಾಗಿ ಟಿಣ್ ಅಂದಿತಂತೆ. ಬಗ್ಗಿ ನೋಡಿದರೆ ಒಂದಲ್ಲ, ಎರಡು ಬಿಲ್ಲೆ, ಒಂದಕ್ಕೊಂದು ಕಚ್ಚಿಕೊಂಡು ಕೂತಿದ್ದವು. ಬದುವಿನ ಕಲ್ಲಿಗೆ ಮೆಲ್ಲಗೆ ತಟ್ಟಿ ಬಿಡಿಸಿ ಒಬ್ಬೊಬ್ಬರು ಒಂದೊಂದು ತೆಗೆದುಕೊಂಡರು.

ನಮ್ಮದು ಜಗಲಿ ಏರಿತು. ಅವರದು ಹಸಿರು ಬಟ್ಟೆಯೊಳಗೆ ತಾಯತವಾಯಿತು. ಅವರ ಮನೆಯಲ್ಲಿ ಮೊದಲಿನ ಎರಡು ಕೂಸು ಉಳಿದಿರಲಿಲ್ಲ. ಮೂರನೆಯದರ ತೋಳಿಗೆ ಇದನ್ನು ಕಟ್ಟಿದರು, ಅದು ಉಳಿಯಿತು. ಆಮೇಲೆ ಅದೇ ಪದ್ಧತಿಯಾಯಿತು. ತಲೆಮಾರಿನ ಚೊಚ್ಚಲ ಕೂಸು ಹುಟ್ಟಿ ನಲವತ್ತು ದಿನವಾದಾಗ ಹಳೆಯ ಹೊಲಿಗೆ ಬಿಚ್ಚಿ, ಹೊಸ ಬಟ್ಟೆಯಲ್ಲಿ ಹೊಲಿದು ಕಟ್ಟಬೇಕು. ಆ ಒಂದು ಹೊತ್ತು ಬಿಟ್ಟರೆ ಅದಕ್ಕೆ ಕತ್ತರಿ ತಾಗಬಾರದು, ತಾಗಿದರೆ ಕಟ್ಟಿಕೊಂಡವರಿಗೆ ಕೇಡು.

ನಾನು ಒಂಬತ್ತು ವರ್ಷದವಳಿದ್ದಾಗ ಮಹಾನವಮಿಗೆ ಮುಂಚೆ ಅಜ್ಜಿ ದೇವರ ಸಾಮಾನನ್ನೆಲ್ಲ ಬುಟ್ಟಿಗೆ ಹಾಕಿ ನನ್ನ ಮುಂದಿಟ್ಟಳು. "ದೀಪದ ಸಮೆ, ಆರತಿ, ಗಂಟಿ ಎಲ್ಲಾ ತಿಕ್ಕು. ಅಜ್ಜನ್ನ ಮಾತ್ರ ಬರೇ ನೀರಾಗ ಅದ್ದಿ ತೆಗಿ" ಅಂದಳು. ನನಗೆ ಸಿಟ್ಟು ಬಂತು. ಎಲ್ಲ ದೇವರೂ ಹೊಳೆಯುವಾಗ ನಮ್ಮ ಅಜ್ಜನೊಬ್ಬ ಯಾಕೆ ಮಸಿ ಬಳಿದ ಹಾಗೆ ಕೂರಬೇಕು? ಹುಣಸೆಹಣ್ಣು ಕಿವುಚಿದ ನೀರಿನಲ್ಲಿ ಅವನನ್ನು ಮುಳುಗಿಸಿಟ್ಟು ಮಧ್ಯಾಹ್ನವೆಲ್ಲ ಆಡಿದೆ. ಸಂಜೆ ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ. ಹಸಿರೆಲ್ಲ ಕೆಸರಿನ ಹಾಗೆ ಇಳಿದು ಹೋಯಿತು. ಅಜ್ಜ ಕೂಸಿನ ಅಂಗಾಲಿನ ಹಾಗೆ ಕೆಂಪಗೆ ಹೊರಗೆ ಬಂದ. ಮೂಗು, ಗದ್ದ ಇಷ್ಟಿಷ್ಟು ಉಳಿದಿತ್ತು. ಇರುವೆ ಸಾಲು ಎಲ್ಲಿಗೋ ಹೋಗಿತ್ತು. ಹೋದದ್ದು ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ಅಜ್ಜಿ ಬೈಯುತ್ತಾಳೆಂದು ಹೆದರಿದ್ದೆ. ಅವಳು ದೀಪದ ಬೆಳಕಿನಲ್ಲಿ ನೋಡಿ, ಸುಮ್ಮನೆ ನಕ್ಕು, ವಿಭೂತಿ ಹಚ್ಚಿದಳು. ಆ ವರ್ಷವಷ್ಟೇ ಬಾಜೂ ಮನೆಗೆ ಸೊಸೆಯಾಗಿ ಬಂದಿದ್ದ ಭಾಭಿ ಹಿತ್ತಲ ಗೋಡೆಯ ಮೇಲಿಂದ ಇಣುಕಿ, "ಅಯ್ಯ, ಏನ್ ಹೊಳೀತಾನಲೇ ತಂಗಿ ನಿಮ್ಮ ಅಜ್ಜ! ಅಗದಿ ಹೊಸಾ ಮದಿಮಗ ಆಗ್ಯಾನ!" ಅಂದಳು. ನಾನು ವಾರಗಟ್ಟಲೆ ಆ ಮಾತಿನ ಮೇಲೆ ತೇಲಾಡಿದೆ.

ಎರಡು ವರ್ಷದ ಮೇಲೆ ಭಾಭಿಗೆ ಚೊಚ್ಚಲ ಗಂಡುಮಗು ಆಯಿತು. ತಾಯತ ಬಿಚ್ಚಿದ ದಿನ ನಾನು ಆ ಮನೆಯಲ್ಲೇ ಇದ್ದೆ. ಶೀರಾ ತಿನ್ನುತ್ತಿದ್ದೆ. ಬಟ್ಟೆ ಬಿಚ್ಚಿದ್ದೂ, ಹಸಿರು ಬಿಲ್ಲೆಯೊಂದು ಭಾಭಿಯ ಅತ್ತೆಯ ಅಂಗೈಯಲ್ಲಿ ಇದ್ದದ್ದೂ ಕಣ್ಣಿಗೆ ಬಿದ್ದಿತ್ತು. ಮುಂದೆ ಎಷ್ಟೋ ಸಲ ಕನಸಿನಲ್ಲಿ ಆ ಅಂಗೈಯ ಹತ್ತಿರ ಹೋಗಿದ್ದೇನೆ. ಕನಸಿನಲ್ಲೂ ನನ್ನ ಕೈಯಲ್ಲಿ ಶೀರಾದ ತಾಟು ಇರುತ್ತದೆ, ಬಿಲ್ಲೆಯ ಮೇಲೆ ಮಂಜು ಕವಿದಿರುತ್ತದೆ.

ಧಾರವಾಡದಲ್ಲಿ ಓದುವಾಗ ಒಂದು ದಿನ ನಮ್ಮ ಗುರುಗಳು ಹಳೆಯ ನಾಣ್ಯಗಳ ಚಿತ್ರಪುಸ್ತಕವೊಂದನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದರು. ಹಾಳೆ ತಿರುವುತ್ತಿದ್ದವಳು ಒಂದು ಕಡೆ ನಿಂತೆ. ಅದೇ ಮೂಗು, ಅದೇ ಗದ್ದ. "ಸರ್, ಇವಾ ನಮ್ಮ ಮನಿ ದೇವರ‍್ರೀ!" ಎಂದು ಕೂಗಿಬಿಟ್ಟೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಗುರುಗಳು ನಗಲಿಲ್ಲ. ಮುಂದಿನ ಭಾನುವಾರ ನನ್ನ ಜೊತೆ ರೈಲು ಹತ್ತಿ ಅಣ್ಣಿಗೇರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ನಮ್ಮ ಊರಿಗೆ ಬಂದರು.

ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಗುರುಗಳು ಬಾಗಿಲ ಬೆಳಕಿಗೆ ಕೂತು ಭೂತಗನ್ನಡಿ ಹಿಡಿದು ಅಜ್ಜನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, ಮಣ್ಣಿನಲ್ಲಿ ಇಷ್ಟು ಕಾಲ ಮಲಗಿದ ತಾಮ್ರದ ನಾಣ್ಯದಲ್ಲಿ ಅಕ್ಷರ ಉಳಿಯುವುದು ಲೋಹದಲ್ಲಲ್ಲ, ಮೇಲೆ ಕಟ್ಟಿದ ಹಸಿರು ಪೊರೆಯಲ್ಲಿ. ಪೊರೆ ಹೋದರೆ ಹೆಸರೂ ಹೋಯಿತು. "ಯಾರು ತೊಳೆದರಮ್ಮಾ ಇದನ್ನ?" ಎಂದು ಕೇಳಿದರು.

"ಮೊದಲಿಂದಲೂ ಹಿಂಗ ಐತ್ರಿ ಸರ್" ಎಂದೆ.

ಅಷ್ಟು ಸಲೀಸಾಗಿ ಬಂತು ಸುಳ್ಳು. ನಾಲ್ಕು ವರ್ಷ ಕಳೆದು ನನ್ನ ಮೊದಲ ಲೇಖನ ಬರೆಯುವಾಗ ಅದರಲ್ಲೂ, ವಿಭಾಗದ ನಾಣ್ಯಪಟ್ಟಿಯ ಕಾರ್ಡಿನಲ್ಲೂ ಅಜ್ಜನ ಎದುರಿಗೆ 'ಚಲಾವಣೆಯಲ್ಲಿ ಸವೆದದ್ದು' ಎಂದು ಬರೆದೆ. ಅಂದರೆ ಸಾವಿರಾರು ಕೈ ದಾಟಿ ಸವೆದ ನಾಣ್ಯ. ಓದುವುದಕ್ಕೆ ಚಂದ ಇತ್ತು. ಸವೆಸಿದ್ದು ಒಂದೇ ಕೈ, ಅದೂ ಒಂದೇ ಮಧ್ಯಾಹ್ನ.

ಆ ಲೇಖನ ಓದಿದ ಸಭೆಯಲ್ಲಿ ಹಿರಿಯರೊಬ್ಬರು ಎದ್ದು, "ಅಮ್ಮಾ, ಅಕ್ಷರ ಎಲ್ಲಿ? ಅಕ್ಷರ ಇಲ್ಲದ ಬಿಲ್ಲೆ ತೋರಿಸಿ ನವಲಗುಂದ ತಾಲೂಕಿನ ಎರೆಮಣ್ಣಿಗೆ ರೋಮಿನ ದೊರೆಯನ್ನು ಕರೆತರಬೇಡಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಮ್ಮ ವಿದ್ಯೆಯ ಮೊದಲ ಪಾಠವೇ ಅದು: ಕಂಡ ಅಕ್ಷರವನ್ನಷ್ಟೇ ಬರೆಯಬೇಕು, ಕಾಣದ ಅಕ್ಷರದ ಜಾಗದಲ್ಲಿ ಚುಕ್ಕಿ ಇಡಬೇಕು. ಅಜ್ಜನ ಸುತ್ತ ನಾನು ಬರೀ ಚುಕ್ಕಿ ಇಟ್ಟಿದ್ದೆ.

ಆದರೆ ಅದೇ ಮಣ್ಣಿನಲ್ಲಿ ಅವನ ಜೊತೆಗೇ ಮಲಗಿದ್ದ ಇನ್ನೊಂದು ನಾಣ್ಯ ಕೂಸಿನ ತೋಳಿನಿಂದ ಇಳಿದು ಬಾಜೂ ಮನೆಯ ಟ್ರಂಕಿನಲ್ಲಿ, ಹಸಿರು ಬಟ್ಟೆಯೊಳಗೆ, ಯಾರೂ ತೊಳೆಯದೆ ಇತ್ತು. ಅದರ ಮೇಲಿನ ಹೆಸರೊಂದು ಓದಿದರೆ ಸಾಕು, ನನ್ನ ಮಾತು ಗಟ್ಟಿಯಾಗಿ ನಿಲ್ಲುತ್ತಿತ್ತು. ನನ್ನ ವೃತ್ತಿಯನ್ನೆಲ್ಲ ಆ ಹೊಲಿಗೆ ಬಿಚ್ಚುವ ದಿನಕ್ಕೆ ಕಾಯುತ್ತ ಕಳೆದೆ ಅಂದರೆ ಹೆಚ್ಚಾಗದು.

ಕಾಯುವುದರಲ್ಲೂ ಒಂದು ಸುಖ ಇತ್ತು, ಸುಳ್ಳು ಯಾಕೆ ಹೇಳಲಿ. ವರ್ಷಗಳು ಬೇಸಿಗೆಯ ಮಧ್ಯಾಹ್ನದ ಹಾಗೆ ಉದ್ದಕ್ಕೆ ಮಲಗಿದ್ದವು. ನಾನು ಪಾಠ ಹೇಳುತ್ತಿದ್ದ ಧಾರವಾಡದ ವಿಭಾಗದಲ್ಲಿ ಕಿಟಕಿ ಪಕ್ಕ ಟ್ರೇಗಳಲ್ಲಿ ನಾಣ್ಯ ಜೋಡಿಸಿಕೊಂಡು ಕೂತರೆ ಸತ್ತ ದೊರೆಗಳೆಲ್ಲ ಒಂದೇ ಕಡೆ ಮುಖ ಮಾಡಿ ಯಾರಿಗೋ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಗ್ರೀಕ್ ಕಲಿತೆ, ಲ್ಯಾಟಿನ್ ಕಲಿತೆ, ಸಮುದ್ರ ದಾಟಿ ಹೋಗಿ ಅವರ ಮುರುಕು ಊರುಗಳಲ್ಲಿ ಓಡಾಡಿ ಬಂದೆ. ಅಲ್ಲಿಯ ಬಿಸಿಲಿನಲ್ಲಿ ನಿಂತಾಗಲೂ ಕಣ್ಣ ಮುಂದೆ ಬರುತ್ತಿದ್ದದ್ದು ಕಡಲೆ ಹೂ ಬಿಟ್ಟ ನಮ್ಮ ಎರೆಹೊಲ. ಅದರ ನಡುವೆ ಬಿಳಿ ನಿಲುವಂಗಿಯ ಒಬ್ಬ ಮುದುಕ, ಎರಡೂ ಪಾದಕ್ಕೆ ಮಣ್ಣು ಮೆತ್ತಿಕೊಂಡು, ಎತ್ತ ಹೋಗಬೇಕೆಂದು ತಿಳಿಯದೆ ನಿಂತಿರುತ್ತಿದ್ದ. ಮುಖ ಮಾತ್ರ ಇರುತ್ತಿರಲಿಲ್ಲ.

ಭಾಭಿಗೆ ಮೊದಲ ಮೊಮ್ಮಗಳು ಹುಟ್ಟಿದಾಗ ನಾನು ದೂರದ ಒಂದು ಉತ್ಖನನದಲ್ಲಿದ್ದೆ. ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಹೊಲಿಗೆ ಮುಗಿದಿತ್ತು. ಕೂಸಿನ ತೋಳ ಮೇಲೆ ಹೊಸ ಬಟ್ಟೆಯ ತಾಯತ ನೋಡಿ ಅಳುವೇ ಬಂತು. "ಭಾಭಿ, ಒಂದ ಸಲ ಬಿಚ್ಚರಿ, ನಿಮ್ಮ ಕಾಲ ಹಿಡೀತೇನಿ" ಅಂದೆ. ಭಾಭಿ ಕೂಸನ್ನು ಎದೆಗೆ ಅವುಚಿಕೊಂಡಳು. "ಹುಚ್ಚಿ ಅದಿಯೇನು? ನಿನ್ನ ಸಾಲಿ ಸಲುವಾಗಿ ನನ್ನ ಕೂಸಿನ ಜೀವಾ ಪಣಕ್ಕ ಇಡಲೇನು?" ಎಂದಳು. ಆರು ತಿಂಗಳು ಮಾತು ಬಿಟ್ಟೆ. ಆಮೇಲೆ ನಾನೇ ಹೋಗಿ ಕಟ್ಟೆಯ ಮೇಲೆ ಕೂತೆ. ಅವಳು ಏನೂ ಆಗದವಳ ಹಾಗೆ ಚಹಾ ತಂದಿಟ್ಟಳು.

ಎಷ್ಟು ಚಹಾ ಕುಡಿದೆನೋ ಆ ಕಟ್ಟೆಯ ಮೇಲೆ. ಊರಿಗೆ ಹೋದಾಗಲೆಲ್ಲ ಕೂತು ಸೊಸೆಯರ ಸುದ್ದಿ, ಹತ್ತಿ ಬೆಳೆಯ ಸುದ್ದಿ, ಯಮನೂರಿನ ದರ್ಗಾಕ್ಕೆ ಹೋಗಿ ಬಂದ ಸುದ್ದಿ ಎಲ್ಲ ಮಾತಾಡಿದೆವು. ಆ ಬಿಲ್ಲೆಯ ಮೇಲೆ ಹೆಸರಿದೆ, ಅದನ್ನು ಓದಬೇಕು ಅಂತಲೂ ಹೇಳಿದ್ದೆ. ನಮ್ಮ ಅಜ್ಜನ ಹೆಸರು ಎಲ್ಲಿ ಹೋಯಿತು ಅನ್ನುವುದನ್ನು ಮಾತ್ರ ಹೇಳಿರಲಿಲ್ಲ. ಊರವರ ಬಾಯಲ್ಲಿ ನಾನು ಪ್ರೊಫೆಸರ್ ಬಾಯಾರು, ಅಂದರೆ ದೊಡ್ಡ ಮೇಡಂ. ನಾಣ್ಯ ಕೆಡಿಸಿದವಳು ಎಂದು ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ಹೋದ ವರ್ಷ, ನನ್ನ ನಿವೃತ್ತಿಗೆ ಕೆಲವೇ ತಿಂಗಳಿರುವಾಗ, ಭಾಭಿಯ ಫೋನು ಬಂತು. ಅದೇ ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಳು, ಹೆಣ್ಣುಕೂಸು ಆಗಿತ್ತು. "ತಂಗಿ, ಈ ಸಲ ನೀ ಬರೂತನಾ ನಾ ಹೊಲಿಯಂಗಿಲ್ಲ. ಆಣಿ ಮಾಡಿ ಹೇಳ್ತೇನಿ" ಎಂದಳು. "ಭಾಭಿ, ಈ ಸಲ ನಾ ಅದರ ಮುಖಾ ಸ್ವಚ್ಛ ನೋಡಾಕ ಬೇಕ್ರಿ" ಎಂದೆ. "ನೋಡೀಯಂತ, ನೋಡೀಯಂತ" ಎಂದಳು.

ಹೊರಡುವ ದಿನ ಭೂತಗನ್ನಡಿ, ಪುಟ್ಟ ತಕ್ಕಡಿ, ಕ್ಯಾಮೆರಾ ಚೀಲಕ್ಕೆ ಹಾಕಿದೆ. ಜಗಲಿಯಿಂದ ಇಳಿದು ಈಗ ನನ್ನ ಹತ್ತಿರವೇ ಇದ್ದ ಅಜ್ಜನನ್ನು ಹತ್ತಿಯಲ್ಲಿ ಸುತ್ತಿಕೊಂಡೆ. ಇಷ್ಟು ಕಾಲದ ಮೇಲೆ ಇಬ್ಬರನ್ನೂ ಮತ್ತೆ ಒಂದು ಕಡೆ ಕೂರಿಸುವ ಆಸೆ. ರೈಲಿನ ಕಿಟಕಿಯಲ್ಲಿ ಕಪ್ಪು ನೆಲ ಮೈಲುಗಟ್ಟಲೆ ಹಿಂದೆ ಸರಿಯಿತು. ಕಣ್ಣು ಮುಚ್ಚಿದರೆ ಆ ಮುದುಕ ಹೊಲದಲ್ಲಿ ನಿಂತಿದ್ದ. ಇನ್ನೇನು ತಿರುಗುತ್ತಾನೆ ಅನ್ನಿಸುತ್ತಿತ್ತು.

ಭಾಭಿಯ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಕೂಸಿಗೆ ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಬಾಣಂತಿಯ ತೊಡೆಯ ಮೇಲೆ ಮಲಗಿಸಿದ್ದರು. ಭಾಭಿ ಎಪ್ಪತ್ತು ದಾಟಿದವಳು, ಸೆರಗಿನ ಗಂಟು ಬಿಚ್ಚುತ್ತ ಬಂದು ನನ್ನ ಎದುರಿಗೆ ಕೂತಳು. ಹಳೆಯ ತಾಯತದ ಬಟ್ಟೆ ಆಗಲೇ ಬರಿದಾಗಿ ಪಕ್ಕದಲ್ಲಿ ಬಿದ್ದಿತ್ತು.

"ಹಿಡಿ ಕೈ" ಎಂದಳು.

ಹಿಡಿದೆ. ನನ್ನ ಅಂಗೈಗೆ ಬಿದ್ದದ್ದು ಕೆಂಪಗೆ, ನುಣ್ಣಗೆ, ಥಳಥಳ ಹೊಳೆಯುತ್ತಿತ್ತು.

"ಇವತ್ತ ನಸುಕಿನ್ಯಾಗ ಬಿಚ್ಚಿ ಹುಣಸೀಹಣ್ಣಿನ್ಯಾಗ ನೆನಿ ಹಾಕಿದ್ನಿ. ಇಟ್ಟಂಗಿ ಪುಡಿ ಹಚ್ಚಿ ನಾನ ತಿಕ್ಕೇನಿ, ಸೊಸೀಗೂ ಕೊಡಲಿಲ್ಲ. ನೀ ಸಣ್ಣಾಕಿದ್ದಾಗ ನಿಮ್ಮ ಅಜ್ಜನ್ನ ತಿಕ್ಕಿದ್ದಿ ನೋಡು, ಹಂಗ. ಮುಖಾ ಸ್ವಚ್ಛ ನೋಡಬೇಕಂದಿದ್ದೆಲ್ಲ? ಈಗ ಓದು, ಏನ್ ಬರದೈತಿ?"

ಭೂತಗನ್ನಡಿ ತೆಗೆದೆ. ಕಿಟಕಿಯ ಕಡೆ ತಿರುಗಿಸಿದೆ, ಓರೆ ಹಿಡಿದೆ, ಇನ್ನೊಂದು ಮಗ್ಗುಲಿಗೆ ಹಿಡಿದೆ. ಮೂಗು, ಗದ್ದ ಇಷ್ಟಿಷ್ಟು. ಸುತ್ತಲೂ ಸಣ್ಣ ಸಣ್ಣ ಕುಳಿ. ಮನೆಯ ಮಂದಿಯೆಲ್ಲ ಉಸಿರು ಹಿಡಿದು ನನ್ನ ಬಾಯಿ ನೋಡುತ್ತಿದ್ದರು. ಏನಾದರೊಂದು ಹೇಳಬಹುದಿತ್ತು. ಯಾವುದೋ ದೊರೆಯ ಹೆಸರು ಹೇಳಿದ್ದರೆ ಅವರು ಖುಷಿಯಿಂದ ಶೀರಾ ಹಂಚುತ್ತಿದ್ದರು. 'ಮೊದಲಿಂದಲೂ ಹಿಂಗ ಐತಿ' ಎಂಬ ಮಾತೂ ನಾಲಗೆಯ ತುದಿಗೆ ಬಂದು ಕೂತಿತ್ತು.

ಹತ್ತಿ ಬಿಚ್ಚಿ ನಮ್ಮ ಅಜ್ಜನನ್ನು ತೆಗೆದು ಅದರ ಪಕ್ಕದಲ್ಲಿಟ್ಟೆ. ಎರಡೂ ಒಂದೇ ತರಹ ಬೋಳಾಗಿದ್ದವು.

"ಭಾಭಿ, ಏನೂ ಉಳದಿಲ್ರಿ. ಹಸಿರಿನ್ಯಾಗ ಹೆಸರಿತ್ತು. ತಿಕ್ಕಿದ್ರ ಹೋಗಿಬಿಡ್ತೈತಿ. ನಮ್ಮ ಅಜ್ಜಂದೂ ನಾ ತಿಕ್ಕಿದ್ದಕ್ಕ ಹೋತು. ನನಗ ನಲವತ್ತ ವರ್ಷದಿಂದ ಗೊತ್ತಿತ್ತು. ಯಾರ ಮುಂದೂ ಹೇಳಿಲ್ಲ."

ಭಾಭಿ ಎರಡೂ ಬಿಲ್ಲೆ ಎತ್ತಿಕೊಂಡು ಒಂದಾದ ಮೇಲೊಂದು ನೋಡಿದಳು. ಅವಳ ಬೆರಳ ಸಂದಿಯಲ್ಲಿ ಇನ್ನೂ ಹುಣಸೆಯ ಕಪ್ಪು ಇತ್ತು.

"ಇಷ್ಟ ವರ್ಷ ಇದ ಕಟ್ಟಿ ಮ್ಯಾಲೆ ಕುಂತು ಚಹಾ ಕುಡದಿ. ಒಂದ ಮಾತ ಹೇಳಿದ್ರ ನಾ ತೊಳೀತಿದ್ನೇನ ತಂಗಿ?"

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನೂ ಜೋರು ಮಾಡಿ ಬಚಾವಾಗುತ್ತಿದ್ದೆ. ಅಷ್ಟು ಜನರ ಮುಂದೆ ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟೆ. ಭಾಭಿ ತಡೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸೂಜಿ, ಹಸಿರು ದಾರ ನನ್ನ ಮುಂದೆ ಹಿಡಿದಳು. "ನನ್ನ ಕಣ್ಣಿಗಿ ಕಾಣವಲ್ದು. ನೀ ಪೋಣಸು. ಕೂಸಿಗೇನು ಹೆಸರ ಓದೂದೈತೇನ?"

ಮೂರನೆಯ ಸಲಕ್ಕೆ ದಾರ ಸೂಜಿಯೊಳಗೆ ಹೋಯಿತು. ಭಾಭಿ ಹೊಲಿದಳು, ಬಾಣಂತಿ ಕಟ್ಟಿದಳು. ಕೂಸು ಆಕಳಿಸಿ ನಿದ್ದೆಗೆ ಜಾರಿತು.

ಧಾರವಾಡಕ್ಕೆ ಮರಳಿದ ಮೇಲೆ ವಿಭಾಗಕ್ಕೆ ಹೋಗಿ ಅಜ್ಜನ ಹಳೆಯ ಕಾರ್ಡು ಹುಡುಕಿ ತೆಗೆದೆ. ಅಕ್ಷರದ ಜಾಗದ ಚುಕ್ಕಿಗಳನ್ನು ಹಾಗೇ ಬಿಟ್ಟೆ. 'ಚಲಾವಣೆಯಲ್ಲಿ ಸವೆದದ್ದು' ಎಂಬುದನ್ನು ಹೊಡೆದುಹಾಕಿ ಕೆಳಗೆ ಬರೆದೆ: 'ಹುಣಸೆಹಣ್ಣಿನಲ್ಲಿ ತೊಳೆದದ್ದು. ತೊಳೆದವಳು ಈ ಲೇಖಕಿ. ಇದರ ಜೋಡಿ ನಾಣ್ಯ ಹಾಳಾದದ್ದೂ ಅವಳು ಹೇಳದೆ ಉಳಿದದ್ದರಿಂದ.'