ತಮ್ಮನ ಟೈರಿನ ಮೇಲೆ ನಾನು ಹೇಳಿದ ಸುಳ್ಳು

ಮಳವಳ್ಳಿಯಲ್ಲಿ ಮದ್ದೂರಿಗೆ ಹೋಗುವ ರಸ್ತೆಯ ಮಗ್ಗುಲಿಗೆ ನನ್ನದೊಂದು ಪಂಚರ್ ಅಂಗಡಿ ಇದೆ. ಓದಿದ್ದು ಆರನೇ ಕ್ಲಾಸಿನವರೆಗೆ. ನನ್ನನ್ನು ಯಾರೂ ಸ್ಕೂಲು ಬಿಡಿಸಲಿಲ್ಲ. ಲೆಕ್ಕದ ಮೇಷ್ಟ್ರು ಹೊಡೆದರೆಂದು ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಆಮೇಲೆ ಹೋಗುವುದೇ ನಿಂತಿತು. ನನಗಿಂತ ಆರು ವರ್ಷ ಚಿಕ್ಕವನಾದ ತಮ್ಮ ಅದೇ ಮೇಷ್ಟ್ರ ಕೈಯಲ್ಲಿ ಏಟು ತಿಂದುಕೊಂಡೇ ಓದಿದ. ಡಿಪ್ಲೊಮಾ ಮಾಡಿ ಹತ್ತಿರದ ಬ್ಲಫ್ ಎಂಬಲ್ಲಿ ನೀರಿನಿಂದ ಕರೆಂಟು ಮಾಡುವ ಕಡೆ ಸರ್ಕಾರಿ ಕೆಲಸಕ್ಕೆ ಸೇರಿದ. ಅವನು ನನ್ನ ಪಾಲಿನದೇನನ್ನೂ ಕಿತ್ತುಕೊಂಡಿಲ್ಲ. ಕಿತ್ತುಕೊಂಡಿದ್ದರೆ ಜಗಳವಾಡಿ ಹಗುರವಾಗಬಹುದಿತ್ತು.

ಅವನು ಕಾರು ತಂದ ದಿನ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಡುವ ಕೆಲಸ ಹಿರಿಯನೆಂದು ನನಗೇ ಬಂತು. ಮಂಡಿಯೂರಿ ಒಂದೊಂದೇ ಇಟ್ಟೆ. ಹೊಸ ಟೈರಿನ ಮೇಲೆ ಹೊಸದರಲ್ಲಿ ಸಣ್ಣ ಸಣ್ಣ ರಬ್ಬರ್ ಕೂದಲು ಇರುತ್ತದೆ. ಅದು ಕೈಗೆ ತಾಗಿದಾಗ ನನಗೆ ಆದದ್ದು ಸಂತೋಷವಲ್ಲ. ಅಷ್ಟು ವರ್ಷದಿಂದ ಸವೆದ ಟೈರುಗಳನ್ನೇ ಮುಟ್ಟಿ ಮುಟ್ಟಿ ಕಪ್ಪಾದ ಕೈ ಅದು. ಅವ್ವ ಮುಂದಿನ ಸೀಟಿನಲ್ಲಿ ಕೂತಳು. ನನ್ನ ಲಗೇಜ್ ಆಟೋ ಹತ್ತು ಎಂದರೆ "ಬ್ಯಾಡ ಕಣ್ಲಾ, ಬೆನ್ನಿಡ್ಕತದೆ" ಎನ್ನುತ್ತಿದ್ದವಳು, ಕಿಟಕಿ ಇಳಿಸಿ ನನ್ನನ್ನೇ ಕರೆದು, "ತೊಟ್ಲು ತೂಗ್ದಂಗದೆ ಕಣ್ಲಾ, ನೀನೂ ವಸಿ ಕೂತ್ಕೊಂಡ್ ನೋಡು" ಎಂದಳು. ಕೈ ಕೊಳೆಯಾಗಿದೆ ಎಂದು ಹೇಳಿ ನಾನು ಕೂರಲಿಲ್ಲ.

ಪ್ರತಿ ಭಾನುವಾರ ತಮ್ಮ ಗಾಳಿ ತುಂಬಿಸಲು ಬರುತ್ತಿದ್ದ. ಕಾರಿನಿಂದ ಇಳಿಯುತ್ತಲೇ ಇರಲಿಲ್ಲ. "ಅಣ್ಣ, ನೀನೇ ನೋಡ್ಕೊಳಣ್ಣ" ಎಂದು ಸುಮ್ಮನೆ ಕೂರುತ್ತಿದ್ದ. ನನಗದು ದೊಡ್ಡಸ್ತಿಕೆಯಾಗಿ ಕಾಣುತ್ತಿತ್ತು. ನಂಬಿಕೆ ಇದ್ದವನು ಕೂಡ ಹಾಗೆಯೇ ಕೂರುತ್ತಾನೆಂದು ಆಗ ಹೊಳೆಯಲಿಲ್ಲ.

ಕಾರು ತಂದು ಎಂಟು ತಿಂಗಳಾಗಿರಲಿಲ್ಲ. ಒಂದು ಭಾನುವಾರ ಮುಂದಿನ ಎರಡೂ ಟೈರಿನ ಪಕ್ಕದಲ್ಲಿ ಬೋರೆಹಣ್ಣಿನಷ್ಟು ಉಬ್ಬು ಎದ್ದಿತ್ತು. ಅಂಥ ಟೈರು ಯಾವಾಗ ಬೇಕಾದರೂ ಸಿಡಿಯಬಹುದು. ತಮ್ಮ ಅವತ್ತು ಇಳಿದ. ಅವನ ಕೈಯಲ್ಲಿ ಕಾಗದವಿತ್ತು. ಕೊಂಡ ರಸೀದಿಯಿಂದ ಹಿಡಿದು ಓಡಿದ ಕಿಲೋಮೀಟರಿನವರೆಗೆ ಎಲ್ಲ ಬರೆದು, ಬದಲಿ ಟೈರು ಕೊಡಿ ಎಂದು ಕಂಪನಿಗೆ ಕೇಳಿದ ಕಾಗದ. ಅಂಗಡಿಯ ಮುಂದೆ ಟೀ ಕುಡಿಯುತ್ತಿದ್ದವರು ಓದಿಸಿ ಕೇಳಿದರು.

"ಏನ್ ಬರ್ದವ್ನೆ ಲಾ! ಕಂಪನಿಯೋನು ಓದ್ಬುಟ್ಟು ಮನೇಗೇ ತಂದ್ಕೊಡ್ಬೇಕು" ಎಂದ ಒಬ್ಬ.

"ಓದಿದೋರು ಓದಿದೋರೇ ಬುಡು. ಇವ್ರಣ್ಣ ಆಗಿದ್ರೆ ಎಬ್ಬೆಟ್ ಒತ್ತೋನು" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಟೈರು ಬಿಚ್ಚಿ ಒಳಗೆ ಕೈಯಾಡಿಸಿದೆ. ಈ ಕೆಲಸದಲ್ಲಿ ಕಣ್ಣಿಗಿಂತ ಅಂಗೈಗೆ ಹೆಚ್ಚು ತಿಳಿಯುತ್ತದೆ. ಗುಂಡಿಗೆ ಬಿದ್ದ ಟೈರಾದರೆ ಒಳಗಿನ ದಾರ ತುಂಡಾಗಿ ಗೀರು ಸಿಗುತ್ತದೆ, ಟೈರು ಕೂರುವ ಕಬ್ಬಿಣದ ಡಿಸ್ಕಿನ ಅಂಚೂ ನೆಗ್ಗಿರುತ್ತದೆ. ಗಾಳಿ ಕಮ್ಮಿಯಿಟ್ಟು ಓಡಿಸಿದ್ದರೆ ಒಳಗೆಲ್ಲ ರಬ್ಬರ್ ಪುಡಿ ಉದುರಿರುತ್ತದೆ. ಇಲ್ಲಿ ಎರಡೂ ಇರಲಿಲ್ಲ. ಒಳಗೆ ನುಣ್ಣಗಿತ್ತು, ಪದರ ಕೂಡಿಸಿದ ಜಾಗ ಮಾತ್ರ ಸಡಿಲವಾಗಿತ್ತು. ಮಾಡುವಾಗಲೇ ಕೆಟ್ಟ ಟೈರು. ಅಂಗೈಗೆ ಇಷ್ಟೆಲ್ಲ ಗೊತ್ತಾದ ಮೇಲೆ ನಾನು ಆಡಿದ ಮಾತು ಇದು:

"ಎಲ್ಲೋ ಗುಂಡಿಗೆ ಇಳ್ಸಿದೀಯ ಕಣ್ಲಾ. ಕಂಪನೀದೇನೂ ತಪ್ಪಿಲ್ಲ."

"ಇಳ್ಸಿದ್ ನೆಪ್ಪಿಲ್ವಲ್ಲಣ್ಣ."

"ಸಿನ್ಮಾ ಆಡಾಕ್ಕೊಂಡು ಓಡುಸ್ತಿದ್ರೆ ಎಂಗ್ ನೆಪ್ಪಿರ್ತದೆ? ಕಾಗ್ದ ಬರಿಯಾಕ್ ಬಂದ್ರಾಯ್ತಾ, ಸ್ಟೇರಿಂಗು ತಿರುಗ್ಸಾಕೂ ಬರ್ಬೇಕು."

ಈಗ ಟೀ ಕುಡಿಯುವವರು ಅವನನ್ನು ನೋಡಿ ನಕ್ಕರು. ಆ ನಗು ಎಷ್ಟು ಹಿತವಾಗಿತ್ತೆಂದು ಬರೆಯಲು ಈಗ ನಾಚಿಕೆಯಾಗುತ್ತದೆ. ತಮ್ಮ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ.

ಆದರೂ ಅವನು ಆ ಎರಡು ಟೈರು ಹೊತ್ತುಕೊಂಡು ಮಂಡ್ಯದ ಟೈರಿನ ಅಂಗಡಿಗೆ ಹೋದ. ಪರೀಕ್ಷೆ ಮಾಡಲು ಕಂಪನಿಯ ಕಡೆಯವರು ಬಂದಿದ್ದರು. ಗುಂಡಿಗೆ ಇಳಿದಿತ್ತೇ ಎಂದು ಅವರು ಕೇಳಿದ್ದಾರೆ. ಇಲ್ಲ ಎಂದಿದ್ದರೆ ಅವರು ಒಳಗೆ ಸರಿಯಾಗಿ ನೋಡುತ್ತಿದ್ದರೋ ಏನೋ. ನನ್ನ ತಮ್ಮ ಹೇಳಿದ್ದು, "ನಂಗೆ ನೆಪ್ಪಿಲ್ಲ ಸಾರ್. ಆದ್ರೆ ನಮ್ಮಣ್ಣ ಪಂಚರ್ ಅಂಗ್ಡಿ ಇಟ್ಟವ್ರೆ, ಅವ್ರು ಗುಂಡೀಗ್ ಬಿದ್ದದೆ ಅಂದ್ರು. ಅವ್ರ್ ಕೈ ಸುಳ್ಳೇಳಲ್ಲ." ಇದನ್ನು ನನಗೆ ಹೇಳಿದವನೂ ಅವನೇ, ಏನೋ ನನ್ನ ಮರ್ಯಾದೆ ಉಳಿಸಿ ಬಂದವನ ಹಾಗೆ. ಹೊರಗಿನ ಪೆಟ್ಟಿನಿಂದ ಆದದ್ದು, ಬದಲಿ ಕೊಡಲಾಗದು ಎಂದು ಬರೆದುಕೊಟ್ಟು ಟೈರು ವಾಪಸು ಕಳಿಸಿದ್ದರು. "ಮಡೀಕಳಣ್ಣ, ಬೋರ್ಡಿಗಾದ್ರೂ ಆಯ್ತದೆ" ಎಂದು ಎರಡನ್ನೂ ನನ್ನಲ್ಲೇ ಬಿಟ್ಟು, ಬೇರೆ ಟೈರು ಕೊಂಡು ಹಾಕಿಸಿಕೊಂಡ. ಒಂದಕ್ಕೆ ನಾನು ಬಿಳಿ ಬಣ್ಣದಲ್ಲಿ 'ಪಂಚರ್' ಎಂದು ಬರೆದು ರಸ್ತೆಗೆ ಕಾಣುವ ಹಾಗೆ ನಿಲ್ಲಿಸಿದೆ. ಇನ್ನೊಂದು ಮೂಲೆಯಲ್ಲಿ ಬಿದ್ದಿತ್ತು.

ಆಮೇಲೆ ತಮ್ಮ ಓಡಿಸುವುದೇ ಬದಲಾಯಿತು. ಎದುರಿಗೆ ಸಣ್ಣ ಹಳ್ಳ ಕಂಡರೂ ನಿಲ್ಲಿಸಿ, ಇಳಿದು ನೋಡಿ, ಆಮೇಲೆ ದಾಟಿಸುತ್ತಿದ್ದನಂತೆ. ಅವ್ವ ಪಕ್ಕದಲ್ಲಿ ಕೂತು, "ಮೆಲ್ಲುಕ್ ಓಗ್ಲಾ, ನಿಂಗೆ ಸರ್ಯಾಗ್ ಬರಾಕಿಲ್ಲ ಅಂತ ನಿಮ್ಮಣ್ಣನೇ ಅಂದವ್ನೆ" ಎನ್ನುತ್ತಿದ್ದಳಂತೆ. ಇದನ್ನು ಕೇಳಿ ನಾನು ಒಳಗೊಳಗೇ ಹಿಗ್ಗಿದವನು.

ಕೆಲವು ತಿಂಗಳು ಕಳೆದ ಮೇಲೆ ಕೊಪ್ಪದ ಕಡೆಯ ಡೇರಿಯವರೊಬ್ಬರು ಪಂಚರ್ ಹಾಕಿಸಲು ಕಾರು ತಂದರು. ಕೆಲಸ ನೋಡುತ್ತ ನಿಂತವರು, ಬೋರ್ಡಿನ ಟೈರಿನ ಉಬ್ಬು ಕಂಡು, "ನಂದೂ ಇಂಗೇ ಆಗಿತ್ತು ಕಣಪ್ಪ. ಇದೇ ಕಂಪನಿ. ಆ ವಾರ ಮಾಡಿದ್ ಮಾಲೇ ಸರಿಯಿಲ್ಲ ಅಂತ ಹೊಸ್ದು ಕೊಟ್ರು" ಎಂದರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಯಾವ ವಾರ ಯಾವ ವರ್ಷ ಮಾಡಿದ್ದೆಂದು. ಅವರ ಮೊಬೈಲಿನಲ್ಲಿ ಹಳೆಯ ಟೈರಿನ ಫೋಟೋ ಇತ್ತು, ಅದರಲ್ಲಿ ಆ ಅಂಕಿಯೂ ಕಾಣುತ್ತಿತ್ತು. ಅವರು ಹೋದ ಮೇಲೆ ಸೀಮೆಎಣ್ಣೆ ಬಟ್ಟೆಯಲ್ಲಿ ಬೋರ್ಡಿನ ಬಣ್ಣ ಉಜ್ಜಿದೆ. ಅವೇ ಅಂಕಿಗಳು. ತಮ್ಮನ ಕಾರಿನ ಹಿಂದಿನ ಎರಡು ಟೈರೂ ಅದೇ ಮಾಲು. ಅದರ ಮೇಲೆ ಅವ್ವ ಕೂತು ಓಡಾಡುತ್ತಿದ್ದಳು.

ಆಗಲೂ ನನಗೆ ನಿಜ ಹೇಳುವ ಮನಸ್ಸಾಗಲಿಲ್ಲ. ಹಿಂದಿನವೂ ಸವೆದಿವೆ ಎಂದು ಇನ್ನೊಂದು ಸುಳ್ಳು ಹೇಳಿ ಬದಲಾಯಿಸಿಬಿಡೋಣ ಎಂದುಕೊಂಡೆ. ಭಾನುವಾರ ಅವನು ಬಂದ. ಹಿಂದಿನ ಎಡಗಡೆಯದರಲ್ಲಿ ಉಬ್ಬು ಆಗಲೇ ಎದ್ದಿತ್ತು. ತೋರಿಸಿದೆ. ಅವನ ಮುಖ ಸಣ್ಣದಾಯಿತು.

"ಈ ಸಲ ಇಳ್ಸಿಲ್ಲ ಕಣಣ್ಣ. ಅವ್ವನಾಣೆ. ಎಷ್ಟು ಉಸಾರಾಗಿ ಓಡುಸ್ತೀನಿ ಅಂದ್ರೆ, ಎಲ್ರೂ ನಗ್ತಾರೆ."

ಸರ್ಕಾರಿ ಕೆಲಸದ ನನ್ನ ತಮ್ಮ, ಮೇಷ್ಟ್ರ ಮುಂದೆ ನಿಂತ ಹಾಗೆ ನನ್ನ ಮುಂದೆ ನಿಂತಿದ್ದ.

"ಅವತ್ತೂ ನೀನ್ ಇಳ್ಸಿರ್ಲಿಲ್ಲ ಕಣ್ಲಾ" ಎಂದೆ.

"ಅಂಗಂದ್ರೆ?"

"ನಂಗವತ್ತೇ ಗೊತ್ತಿತ್ತು. ಟೈರೇ ಸರಿಯಿರ್ಲಿಲ್ಲ."

"ಮತ್ಯಾಕಣ್ಣ ಅಂಗಂದೆ?"

ನಾನು ಜಾಕ್ ಹುಡುಕುವವನಂತೆ ಬೆನ್ನು ತಿರುಗಿಸಿದೆ.

ಹಿಂದಿನ ಎರಡನ್ನೂ ಬಿಚ್ಚಿ, ಕಾರನ್ನು ಕಲ್ಲಿನ ಮೇಲೆ ನಿಲ್ಲಿಸಿ, ಮಾರನೇ ದಿನ ನಾಲ್ಕು ಟೈರನ್ನೂ ನನ್ನ ಲಗೇಜ್ ಆಟೋದಲ್ಲಿ ಹೇರಿ ಮಂಡ್ಯಕ್ಕೆ ಹೊರಟೆವು. ನನ್ನ ಆಟೋದಲ್ಲಿ ಅವನು ಕೂತದ್ದು ಅದೇ ಮೊದಲು. ಅಂಗಡಿಯಲ್ಲಿ ಕಂಪನಿಯವರು ಅರ್ಧ ಅಳಿಸಿದ 'ಪಂಚರ್' ನೋಡಿ, "ಇದನ್ನೂ ಬದಲಾಯಿಸಿಕೊಡಬೇಕೇನ್ರೀ?" ಎಂದು ನಕ್ಕರು. ನಾನು ಅವರ ಕೈ ಹಿಡಿದು ಟೈರಿನ ಒಳಗೆ ಆಡಿಸಿದೆ. ಅವರ ನಗು ನಿಂತಿತು. ಹಾಗಾದರೆ ಮೊದಲು ಗುಂಡಿ ಎಂದದ್ದು ಯಾಕೆ, ಅದು ನಮ್ಮ ದಾಖಲೆಯಲ್ಲಿದೆ, ಹೇಳಿದವರೇ ಕಾರಣ ಬರೆದುಕೊಡಲಿ ಎಂದರು.

ಬೆಂಚಿನ ಮೇಲೆ ಕೂತು ಬರೆದೆ. ಒತ್ತಕ್ಷರಕ್ಕೆಲ್ಲ ತಡವರಿಸುತ್ತ ಅರ್ಧ ಪುಟ. ಟೈರಿನಲ್ಲಿ ಪೆಟ್ಟಿನ ಗುರುತು ಇರಲಿಲ್ಲ, ನನಗೆ ಗೊತ್ತಿತ್ತು, ತಮ್ಮನ ಮೇಲೆ ಹೊಟ್ಟೆಕಿಚ್ಚಿನಿಂದ ಸುಳ್ಳು ಹೇಳಿದೆ ಎಂದು. ತಮ್ಮ ಓದಿದ.

"ಕಂಪನಿಯೋರ್ಗೆ ಇದ್ಯಾಕ್ ಬೇಕಣ್ಣ, ಹೊಟ್ಟೆಕಿಚ್ಚು?"

"ಕಾರ್ಣ ಬರೀರಿ ಅಂದ್ರಲ್ಲ."

ಅವನು ಅದನ್ನು ಹೊಡೆದು ಹಾಕಲಿಲ್ಲ. ಹಾಗೇ ಕೊಟ್ಟ. ಮೂರು ವಾರವಾದ ಮೇಲೆ ನಾಲ್ಕು ಹೊಸ ಟೈರು ಬಂದವು, ಹಿಂದಕ್ಕೆ ಎರಡನ್ನು ನಾನೇ ಕೂರಿಸಿ ಮಿಕ್ಕೆರಡನ್ನು ಅವನಿಗೆಂದು ಎತ್ತಿಟ್ಟೆ. ಆ ರಬ್ಬರ್ ಕೂದಲು ಅಂಗೈಗೆ ತಾಗಿದಾಗ ಒಳಗೆ ಮತ್ತೆ ಅದೇ ಚುರುಕ್ ಎಂದಿತು. ಬರೆದುಕೊಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ.

ಅವ್ವನಿಗೆ ಅವನು ಏನೂ ಹೇಳಿಲ್ಲ. ಈಗಲೂ ಭಾನುವಾರ ಗಾಳಿ ತುಂಬಿಸಲು ನನ್ನಲ್ಲಿಗೇ ಬರುತ್ತಾನೆ. ಅಣ್ಣ ಎಂದೇ ಕರೆಯುತ್ತಾನೆ. ಆದರೆ ಕಾರಿನೊಳಗೆ ಕೂತಿರುವುದಿಲ್ಲ. ಇಳಿದು ಬಂದು, ನನ್ನ ಪಕ್ಕದಲ್ಲೇ ಬಗ್ಗಿ, ಒಂದೊಂದು ಚಕ್ರಕ್ಕೂ ಗಾಳಿ ಅಳೆಯುವ ಮೀಟರಿನ ಮುಳ್ಳು ಎಲ್ಲಿ ನಿಂತಿದೆ ಎಂದು ತಾನೇ ನೋಡುತ್ತಾನೆ.