ಅಂಡಿಗೆಯೊಳಗೆ ಕೈ ಹಾಕುತ್ತಿದ್ದ ಸಾಹುಕಾರರು

ಸಾಹುಕಾರರ ಅಂಗಿಯ ಬಲತೋಳು ಸದಾ ಭುಜದವರೆಗೆ ಮಡಚಿರುತ್ತಿತ್ತು, ಎಡತೋಳಿಗೆ ಮಾತ್ರ ಗುಂಡಿ. ಆ ಬಲಗೈಯ ಕೂದಲಿಗೆಲ್ಲ ಹತ್ತಿಯ ನಾರು ಅಂಟಿಕೊಂಡಿರುತ್ತಿತ್ತು. ಬೆಟಗೇರಿಯಲ್ಲಿ ಅವರದು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು. ಅಂತೂರ ಬೆಂತೂರ ಕಡೆಯ ರೈತರು ಹತ್ತಿ ತುಂಬಿದ ಅಂಡಿಗೆಗಳನ್ನು, ಆ ಆಳುದ್ದದ ಚೀಲಗಳನ್ನು, ಇಳಿಸಿದರೆ ಸಾಹುಕಾರರು ಗುಮಾಸ್ತರನ್ನು ನಂಬದೆ ತಾವೇ ನೋಡಲು ಬರುತ್ತಿದ್ದರು. ಅಂಡಿಗೆಯ ಬಾಯಿಯಲ್ಲಿ ಕಾಣುವ ಬಿಳಿ ಹತ್ತಿಯನ್ನು ನೋಡುತ್ತಲೇ ಇರಲಿಲ್ಲ. ಭುಜ ಮುಳುಗುವವರೆಗೆ ಕೈ ತೂರಿಸಿ, ನಡುವಿನಿಂದ ಒಂದು ಹಿಡಿ ಕಿತ್ತು, ಬೆರಳುಗಳ ನಡುವೆ ಎಳೆ ಎಳೆದು ನೋಡುತ್ತಿದ್ದರು.

“ಮ್ಯಾಲಿಂದು ಎಲ್ಲಾರೂ ಚಲೋನ ಇಡ್ತಾರ. ಒಳಗ ಕೈ ಹಾಕಬೇಕು,” ಎನ್ನುತ್ತಿದ್ದರು.

ನನ್ನವ್ವ ಆ ಮಿಲ್ಲಿನಲ್ಲಿ ಯಂತ್ರಕ್ಕೆ ಹತ್ತಿ ಉಣಿಸುತ್ತಿದ್ದಳು. ಮನೆಗೆ ಬಂದು ಸೆರಗು ಕೊಡವಿದರೆ ಧೂಳು ಏಳುತ್ತಿತ್ತು. ಕೆಮ್ಮು ಮಾತ್ರ ಕೊಡವಿದರೆ ಹೋಗುವಂಥದ್ದಲ್ಲ. ಕೂಲಿಕಾರರ ಮಕ್ಕಳಿಗೆಂದು ಸಾಹುಕಾರರು ಕಟ್ಟಿಸಿದ ಶಾಲೆಯಲ್ಲಿ ನಾನು ಕಲಿತೆ. ಪಾಟಿ, ಪುಸ್ತಕ, ಮಧ್ಯಾಹ್ನದ ಉಪ್ಪಿಟ್ಟು ಎಲ್ಲ ಅವರದೇ. ಊರಿಗೆ ಊರೇ ಅವರನ್ನು ದೇವರಂಥವರು ಅನ್ನುತ್ತಿತ್ತು. ನಾನೂ ಅಂದಿದ್ದೇನೆ.

ವರ್ಷಕ್ಕೊಮ್ಮೆ ಸರ್ಕಾರದ ಸಾಹೇಬರು ಮಿಲ್ಲಿನ ತಪಾಸಣೆಗೆ ಬರುತ್ತಿದ್ದರು. ಗಾಳಿಗೆ ಅರಳೆ ಹಾರೀತೆಂದು ಸದಾ ಮುಚ್ಚಿರುತ್ತಿದ್ದ ಕಿಟಕಿಗಳನ್ನು ಅಂದು ತೆರೆದು, ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ಕೆಮ್ಮುವ ಹೆಂಗಸರಿಗೆ ರಜೆ, ಜೊತೆಗೆ ಬುಂದಿ ಲಾಡಿನ ಪೊಟ್ಟಣ. ಅವ್ವ ಮನೆಯಲ್ಲಿದ್ದಾಳೆಂದು ನಾನು ಕುಣಿದಾಡಿ ಆ ಲಾಡು ತಿಂದಿದ್ದೇನೆ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ತಿಳಿಯಲು ಕಾಲೇಜು ಮೆಟ್ಟಿಲು ಹತ್ತಬೇಕಾಯಿತು. ತಿಳಿದ ದಿನ ಅವ್ವನ ಮೇಲೇ ಹರಿಹಾಯ್ದೆ.

“ರಜಾ ಯಾಕ ಕೊಡ್ತಾರ ಅಂತ ನಿನಗ ಗೊತ್ತಿತ್ತೇನವ್ವಾ?”

“ಗೊತ್ತಿತ್ತು. ಬಾಯಿ ಬಿಟ್ಟು ನಿನ್ನ ಸಾಲಿ ತಪ್ಪಿಸಬೇಕಿತ್ತೇನು? ಸುಮ್ಮನಿರು.”

ಅವ್ವ ಹಾಸಿಗೆ ಹಿಡಿದಾಗ ಸಾಹುಕಾರರು ಒಬ್ಬರೇ ನಮ್ಮ ಮನೆಗೆ ಬಂದರು. ಕುರ್ಚಿ ಇರಲಿಲ್ಲ, ನೆಲದ ಮೇಲೇ ಕೂತರು. ಅವಳು ಕೆಮ್ಮಿದಷ್ಟು ಹೊತ್ತೂ ತಲೆ ತಗ್ಗಿಸಿಕೊಂಡೇ ಇದ್ದರು.

“ಏನರ ಬೇಕೇನವಾ?”

“ಕಿಡಕಿ ದಿನಾ ತಗಸ್ರಿ, ಯಪ್ಪಾ.”

“ತಗಸ್ತೀನಿ,” ಎಂದರು.

ಅವ್ವ ತೀರಿ ತಿಂಗಳಾದ ಮೇಲೆ ಮಿಲ್ಲಿನ ಮುಂದೆ ಹಾದುಹೋದೆ. ಕಿಟಕಿಗಳು ಮುಚ್ಚಿದ್ದವು. ಅವರು ಬಂದದ್ದು ಮನಸ್ಸು ನೊಂದೋ, ಅವ್ವ ಯಾರ ಮುಂದಾದರೂ ಬಾಯಿ ಬಿಟ್ಟಾಳೆಂಬ ಅಂಜಿಕೆಗೋ? ಇವತ್ತಿಗೂ ನನ್ನ ಅನುಮಾನ ಹೋಗಿಲ್ಲ, ಸಿಟ್ಟೂ ಹೋಗಿಲ್ಲ. ಮುಂದೆ ಸಾಹುಕಾರರೂ ತೀರಿಕೊಂಡರು, ಮಿಲ್ಲೂ ನಿಂತಿತು.

ಈ ವರ್ಷ ಅವರ ಮೂರ್ತಿಯನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿದರು. ಅದಕ್ಕೂ ಮುಂಚೆ, ಅದೇ ಶಾಲೆಯಲ್ಲಿ ಕಲಿಸಿ ನಿವೃತ್ತಳಾದ ನನ್ನನ್ನು ಹುಡುಕಿಕೊಂಡು ಅವರ ಮೊಮ್ಮಗ ಬಂದ.

“ಅಕ್ಕೋರ, ಕಲ್ಲಿನ ಮ್ಯಾಲ ಕೆತ್ತಾಕ ನಾಕು ಸಾಲು ಬರಕೊಡ್ರಿ. ನಮ್ಮಜ್ಜಾರು ಹೆಂಗಿದ್ರು ಅಂತ.”

ಬರೆದುಕೊಟ್ಟೆ. ಶಾಲೆ ಬರೆದೆ, ಉಪ್ಪಿಟ್ಟು ಬರೆದೆ, ನಮ್ಮ ಮನೆಯ ನೆಲದ ಮೇಲೆ ಕೂತದ್ದನ್ನೂ ಬರೆದೆ. ಕೊನೆಯ ಸಾಲು ಮುಚ್ಚಿದ ಕಿಟಕಿಗಳದು. ಓದಿದ ಅವನ ಮುಖ ಸಣ್ಣದಾಯಿತು.

“ಇದೊಂದು ಸಾಲು ತಗದುಬಿಡೂಣೇನ್ರಿ?”

“ಒಳಗ ಕೈ ಹಾಕಬೇಕು ಅಂತ ನಿಮ್ಮಜ್ಜಾರನ ಹೇಳ್ತಿದ್ರಪಾ.”

ಅವನು ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟು ಹೋದ. ಕಲ್ಲಿಗೆ ಬೇರೆ ಯಾರೋ ಬರೆದುಕೊಟ್ಟರು, ದಾನಶೂರ ಎಂದು. ನನ್ನ ಹಾಳೆ ನನ್ನ ಬಳಿಯೇ ಉಳಿದಿದೆ. ಆಗಾಗ ತೆಗೆದು ಓದುತ್ತೇನೆ. ಅಕ್ಷರಗಳು ದುಂಡಗಿವೆ. ಅವರ ಶಾಲೆಯಲ್ಲಿ ತಿದ್ದಿ ಕಲಿತವು.