ಹೊಸ್ತಿಲಲ್ಲಿ ನಿಂತ ಮದುಮಗಳು

ದೇವೀರಮ್ಮನ ಹಣೆಗೆ ಕುಂಕುಮ ಇಟ್ಟ ಹುಡುಗಿ ತಟ್ಟೆಯನ್ನು ಹಿಂದಿದ್ದ ಸಣ್ಣಮ್ಮನ ಕಡೆಗೆ ಚಾಚಿದಳು. ಚಾಚಿದ ಕೈ ಅರ್ಧಕ್ಕೇ ನಿಂತುಬಿಟ್ಟಿತು.

ಸಣ್ಣಮ್ಮನ ಹಣೆಯೂ ಬರಿದು, ಕೈಯೂ ಬರಿದು.

ತಪ್ಪು ಆ ಹುಡುಗಿಯದಲ್ಲ. ಹೆಂಗಸರ ಕಾರ್ಯಕ್ರಮ ಅಂದರೆ ಬಾಗಿಲಲ್ಲಿ ಅರಿಶಿನ ಕುಂಕುಮ, ಹೂವು, ಹಸಿರು ಬಳೆ ಇಟ್ಟ ತಟ್ಟೆ ಇರಲೇಬೇಕು. ನಮ್ಮ ಸಮಿತಿಗೆ ಅದು ಕೈಗೆ ಅಂಟಿದ ರೂಢಿ.

ಸಣ್ಣಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಆ ಹುಡುಗಿಗೇ ಸಮಾಧಾನ ಹೇಳುವವರ ಹಾಗೆ ನಕ್ಕು, "ಹಿಂದ್ಲೋರ್ಗೆ ಕೊಡವ್ವ" ಅಂದು ಪಕ್ಕಕ್ಕೆ ಸರಿದರು. ಬಾಗಿಲ ಹತ್ತಿರ, ಚಪ್ಪಲಿ ರಾಶಿಯ ಪಕ್ಕದ ಬೆಂಚಿನ ಮೇಲೆ ಹೋಗಿ ಕೂತರು.

ಆಲೂರು, ಸಕಲೇಶಪುರ ಕಡೆಯ ನಾವೊಂದಷ್ಟು ಜನ ಸೇರಿ ಕಟ್ಟಿಕೊಂಡಿರುವ ಪುಟ್ಟ ಕಲಾ ಸಮಿತಿ ನಮ್ಮದು. ಸಂಬಳವಿಲ್ಲ. ಚೇರ್ ಹಾಕುವುದು, ಮೈಕ್‌ನವರಿಗೆ ಫೋನ್ ಮಾಡುವುದು, ದೂರದವರನ್ನು ಕರೆತರುವುದು... ಇಷ್ಟು ನನ್ನ ಕೆಲಸ.

ಆವತ್ತು ಆಲೂರಿನಲ್ಲಿ ಹುಡುಗಿಯರಿಗೆ ಮದುವೆಯ ಸೋಬಾನೆ ಪದ ಕಲಿಸುವ ವರ್ಕ್‌ಶಾಪ್. ಹೆತ್ತೂರು ಕಡೆಯಿಂದ ಈ ಇಬ್ಬರನ್ನು ಜೀಪಿನಲ್ಲಿ ಕರೆತಂದವನು ನಾನೇ.

ಆ ಕಡೆಯ ಮದುವೆಗಳಲ್ಲಿ ಇವರದೇ ಜೋಡಿ. ಸಣ್ಣಮ್ಮ ಹಾಡಿನ ಸೊಲ್ಲು ಎತ್ತಬೇಕು, ದೇವೀರಮ್ಮ ಹಿಡಿಯಬೇಕು. ಎರಡು ವರ್ಷದ ಹಿಂದೆ ಸಣ್ಣಮ್ಮನ ಯಜಮಾನರು ತೀರಿಕೊಂಡರು. ಆಮೇಲೆ ಯಾವ ಚಪ್ಪರದಲ್ಲೂ ಅವರ ದನಿ ಕೇಳಲಿಲ್ಲ. ಯಾರೂ ಬೇಡ ಅನ್ನಲಿಲ್ಲವಂತೆ. ಬನ್ನಿ ಅಂತಲೂ ಯಾರೂ ಅನ್ನಲಿಲ್ಲ, ಅಷ್ಟೆ.

"ಹಾಡೋದು ಬೇಡ, ಹೇಳಿಕೊಟ್ಟರೆ ಸಾಕು" ಎಂದು ನಾವು ಬೇಡಿಕೊಂಡಿದ್ದಕ್ಕೆ ಹೊರಟು ಬಂದಿದ್ದರು. ಆ ಧೈರ್ಯವನ್ನು ನಮ್ಮ ತಟ್ಟೆ ಬಾಗಿಲಲ್ಲೇ ಇಳಿಸಿಬಿಟ್ಟಿತ್ತು.

ಸಮಿತಿಯ ಹಿರಿಯರಾದ ಶಾರದಾ ಮೇಡಂ ಓಡಿ ಹೋಗಿ ಕೈ ಹಿಡಿದು ಕರೆದರು. ಸಣ್ಣಮ್ಮ ಏಳಲಿಲ್ಲ.

"ಮದ್ವೆ ಆಗೋ ಹೆಣ್ಮಕ್ಳು ಕೂತವ್ರೆ ಕಣವ್ವ. ನನ್ ಬಾಯಿಂದ ಬ್ಯಾಡ. ದೇವೀರಿ ಇಲ್ಲೇ ಅವ್ಳಲ್ಲ, ಹೇಳ್ಕೊಡ್ತಾಳೆ ಬುಡಿ."

ಮುಂದೆ ವೇದಿಕೆಯಲ್ಲಿ ಕೂತಿದ್ದ ದೇವೀರಮ್ಮ ಇದನ್ನೆಲ್ಲ ಕೇಳಿಸಿಕೊಂಡರು. ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡು, ಎದುರಿಗಿದ್ದ ಮೈಕನ್ನು ನೋಡಿ, "ಈ ಗೂಟವ ಅತ್ಲಾಗಿಡಪ್ಪ, ಮಕ್ಳ ಮಕ ಕಾಣಕಿಲ್ಲ" ಎಂದರು.

ಆಮೇಲೆ ಹಸೆ ಪದ ಎತ್ತಿದರು. ಮದುಮಗಳನ್ನು ಹಸೆಮಣೆಗೆ ಕರೆಯುವ ಪದ.

ಹುಡುಗಿಯರು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಲೇ ಸೊಲ್ಲು ಹಿಡಿಯುತ್ತಿದ್ದಾರೆ. ಹಾಡಿನೊಳಗೆ ಮದುಮಗಳು ಏಳುತ್ತಾಳೆ, ತುರುಬು ಕಟ್ಟುತ್ತಾಳೆ, ಒಳಮನೆ ದಾಟುತ್ತಾಳೆ. ಹೊಸ್ತಿಲ ಹತ್ತಿರ ಬಂದು ನಿಲ್ಲುತ್ತಾಳೆ...

ದೇವೀರಮ್ಮನೂ ನಿಲ್ಲಿಸಿಬಿಟ್ಟರು.

"ಮುಂದಿಂದು ಮರ್ತೋಯ್ತು."

"ಪರವಾಗಿಲ್ಲ ಅಜ್ಜಿ, ಬೇರೆ ಹಾಡು ಹೇಳಿ" ಎಂದಳು ಒಬ್ಬಳು.

"ಬ್ಯಾರೇದಾ? ಹಸೆ ಪದ ಎತ್ತಿದ್ ಮ್ಯಾಲೆ ಅರ್ಧಕ್ಕೆ ಬುಡಂಗಿಲ್ಲ ಕಣೆ. ಹೆಣ್ಣ ಹೊಸ್ಲಲ್ಲಿ ನಿಲ್ಸ್‌ಬುಟ್ಟು ಟೀ ಕುಡಿಯಕ್ಕೋಗನಾ?"

ಎಲ್ಲರೂ ನಕ್ಕರು. ದೇವೀರಮ್ಮ ನಗಲಿಲ್ಲ.

ನಮ್ಮ ಕಡೆ ಇದು ಕಟ್ಟುನಿಟ್ಟು. ನನ್ನ ಅವ್ವನೂ ಹೇಳುತ್ತಿದ್ದಳು. ಹಸೆ ಪದ ಶುರುವಾದ ಮೇಲೆ ಮಳೆ ಬರಲಿ, ಕರೆಂಟ್ ಹೋಗಲಿ, ಹೆಣ್ಣನ್ನು ಹಸೆ ಮೇಲೆ ಕೂರಿಸಿಯೇ ನಿಲ್ಲಿಸಬೇಕು. ಒಬ್ಬರು ಮರೆತರೆ ಗೊತ್ತಿದ್ದವರು ಎತ್ತಿಕೊಳ್ಳಬೇಕು. ಅರ್ಧಕ್ಕೆ ಬಿಟ್ಟರೆ ಕೇಳಿದ ಹೆಣ್ಣುಮಕ್ಕಳಿಗೆ ಆಗಿಬರುವುದಿಲ್ಲ.

ದೇವೀರಮ್ಮ ಬಾಗಿಲ ಕಡೆ ತಿರುಗಿಯೂ ನೋಡದೆ ಇನ್ನೊಂದು ಎಲೆಯ ತೊಟ್ಟು ಮುರಿಯುತ್ತಾ ಕೂತಿದ್ದರು.

ಬೆಂಚಿನ ಮೇಲೆ ಸಣ್ಣಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಾರೆ, ಬಿಚ್ಚುತ್ತಿದ್ದಾರೆ. ಒಮ್ಮೆ ಹುಡುಗಿಯರನ್ನು ನೋಡಿದರು. ಒಮ್ಮೆ ನೆಲ ನೋಡಿದರು.

ಕೊನೆಗೆ ಕೆಮ್ಮಿದ ಸದ್ದು. ಅದರ ಹಿಂದೆಯೇ, ಒಲ್ಲದ ಮನಸ್ಸಿನ ಸಣ್ಣ ದನಿಯಲ್ಲಿ ಮುಂದಿನ ಸೊಲ್ಲು.

ಅದು ಮುಗಿಯುವುದನ್ನೇ ಕಾದಿದ್ದವರಂತೆ ದೇವೀರಮ್ಮ ಹಿಡಿದರು.

ಎರಡನೆಯ ಸೊಲ್ಲಿಗೆ ದನಿ ಏರಿತು. ಹುಡುಗಿಯರು ಒಬ್ಬೊಬ್ಬರಾಗಿ ಚೇರ್ ತಿರುಗಿಸಿಕೊಂಡರು. ನೋಡನೋಡುತ್ತಾ ನಮ್ಮ ವೇದಿಕೆ ಹಿಂದಾಯಿತು, ಚಪ್ಪಲಿ ರಾಶಿಯ ಪಕ್ಕದ ಬೆಂಚು ಮುಂದಾಯಿತು.

ಮದುಮಗಳು ಹೊಸ್ತಿಲು ದಾಟಿದಳು. ಹಸೆ ಮೇಲೆ ಕೂತಳು.

ಹಾಡು ಮುಗಿದ ಮೇಲೆ ಮಗ್ಗೆ ಊರಿನ ಕಡೆಯ ಒಬ್ಬ ಹುಡುಗಿ ಸಣ್ಣಮ್ಮನ ಹತ್ತಿರ ಬಂದಳು. ಅವಳಿಗೆ ಮದುವೆ ಗೊತ್ತಾಗಿದೆ. "ನಮ್ಮನೆ ಮದ್ವೆಗೂ ನೀವಿಬ್ರೂ ಬಂದು ಹಾಡ್ಬೇಕು ಅಜ್ಜಿ" ಎಂದಳು.

ಸಣ್ಣಮ್ಮ ಅವಳ ಗಲ್ಲ ಮುಟ್ಟಿ, "ಮೊದ್ಲು ನಿಮ್ಮವ್ವನ್ನ ಕೇಳ್ಕಂಡ್ ಬಾ ಮಗ" ಅಂದರು.

ಹುಡುಗಿ ಅಲ್ಲೇ ನಿಂತು ಅವ್ವನಿಗೆ ಫೋನ್ ಹಚ್ಚಿದಳು. ಆ ಕಡೆಯವರು ಏನಂದರೋ ನನಗೆ ಕೇಳಿಸಲಿಲ್ಲ. ಇವಳು ಮಾತ್ರ, "ಹಂಗಾರೆ ನನ್ ಮದ್ವೇಲಿ ಸೋಬಾನೆನೇ ಬ್ಯಾಡ ಬುಡು" ಎಂದದ್ದು ಕೇಳಿಸಿತು. ಅವರ ಮನೆಯಲ್ಲಿ ಇನ್ನೂ ಮಾತು ನಡೀತಾ ಇದೆಯಂತೆ, ನೋಡಬೇಕು.

ವಾಪಸ್ ಹೋಗುವಾಗ ಸಣ್ಣಮ್ಮ ತಮ್ಮ ಮನೆ ಹತ್ತಿರ ಇಳಿದ ಮೇಲೆ ನಾನು ದೇವೀರಮ್ಮನನ್ನು ಕೇಳಿದೆ, "ಅತ್ತೆ, ನಿಜವಾಗ್ಲೂ ಮರ್ತೋಗಿತ್ತಾ?"

"ಊಂ ಕಣಪ್ಪ. ವಯಸ್ಸಾಯ್ತಲ್ಲ" ಎಂದರು ದೇವೀರಮ್ಮ. ಅಂದವರು ಕಿಟಕಿಯಾಚೆ ಕಾಫಿ ತೋಟ ನೋಡುತ್ತಾ ಅದೇ ಪದವನ್ನು ತಮ್ಮಷ್ಟಕ್ಕೆ ಗುನುಗಿಕೊಂಡರು. ಹೊಸ್ತಿಲು ಬಂತು, ಹೋಯಿತು. ಒಂದು ಸೊಲ್ಲೂ ತಪ್ಪಲಿಲ್ಲ.

ಆ ತಟ್ಟೆ ಈಗಲೂ ಸಮಿತಿಯ ಬೀರುವಿನಲ್ಲಿದೆ. ಮುಂದಿನ ಸಲ ಬಾಗಿಲಲ್ಲಿ ಬರುವವರೆಲ್ಲರಿಗೂ ಒಂದೇ ಥರ ಚಾಚಬಹುದಾದದ್ದು ಏನನ್ನು ಅದರಲ್ಲಿ ಇಡೋಣ, ನೀವೇ ಹೇಳಿ?